ಸ್ಟೇಟ್‌ಮೆಂಟಿಗೊಂದು ದೃಷ್ಟಿಬೊಟ್ಟು

ನಾನು ಬರೆದ ಮೊದಲ ಪರ್ಸನಲ್ ಸ್ಟೇಟ್‌ಮೆಂಟ್ ಓದಿ ನಮ್ಮ ಗೈಡ್ ಮೇಡಂ ಫೋನಿನಲ್ಲಿ ಹೇಳಿದ್ದು ಇಷ್ಟೆ: “ಹುಲ್ಲಿನ ಬಗ್ಗೆ ಚೆನ್ನಾಗಿ ಗೊತ್ತಾಯ್ತು. ನಿನ್ನ ಬಗ್ಗೆ ಏನೂ ಗೊತ್ತಾಗಲಿಲ್ಲ. ಏನು ಮಾಡೋಣ, ಹುಲ್ಲನ್ನೇ ಕಳಿಸೋಣವಾ?”

ಆಗ ನಾನು ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಹುಲ್ಲಿನ ಮೇಲಿನ ಪ್ರಾಜೆಕ್ಟಿಗೆಂದು ಹಾಸ್ಟೆಲ್ ಬಿಟ್ಟು ನಮ್ಮೂರು ಚಳ್ಳಕೆರೆಗೆ ಬಂದಿದ್ದೆ. ನಮ್ಮ ವಿಶ್ವವಿದ್ಯಾಲಯಕ್ಕೂ ಹೊರದೇಶದ ಒಂದು ವಿಶ್ವವಿದ್ಯಾಲಯಕ್ಕೂ ವಿದ್ಯಾರ್ಥಿ ವಿನಿಮಯದ ಒಪ್ಪಂದವಿತ್ತು. ಒಂದು ಸೆಮಿಸ್ಟರಿನ ಮಟ್ಟಿಗೆ ಅಲ್ಲಿಯವರೊಬ್ಬರು ಇಲ್ಲಿಗೆ ಬರಬೇಕು, ಇಲ್ಲಿಯವರೊಬ್ಬರು ಅಲ್ಲಿಗೆ ಹೋಗಬೇಕು. ನಮ್ಮ ವಿಭಾಗಕ್ಕೆ ಇದ್ದದ್ದು ಒಂದೇ ಸೀಟು. ಅಲ್ಲಿ ಹುಲ್ಲುಗಾವಲುಗಳನ್ನೇ ಅಭ್ಯಾಸ ಮಾಡುವ ಒಂದು ಪ್ರಯೋಗಾಲಯವಿತ್ತು. ಅದರ ವೆಬ್‌ಸೈಟಿನಲ್ಲಿದ್ದ ಫೋಟೋಗಳನ್ನು ನಾನು ಎಷ್ಟು ಸಲ ನೋಡಿದ್ದೆನೆಂದರೆ, ಯಾವ ಕಿಟಕಿಯ ಪಕ್ಕ ಯಾವ ಸೂಕ್ಷ್ಮದರ್ಶಕ ಇದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲವಳಾಗಿದ್ದೆ. ಆ ಸೀಟು ನನಗೆ ಬೇಕಾಗಿತ್ತು. ಆದರೆ ಬೇಕು ಎಂದು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವ ಅಭ್ಯಾಸ ಇರಲಿಲ್ಲ.

ಅರ್ಜಿಯಲ್ಲಿ ಮಿಕ್ಕಿದ್ದೆಲ್ಲ ಸುಲಭವಾಗಿತ್ತು. ಕಷ್ಟವಾದದ್ದು ಈ ಸ್ಟೇಟ್‌ಮೆಂಟ್ ಒಂದೇ. ನೀವು ಯಾರು, ನಿಮ್ಮಲ್ಲಿ ಏನು ವಿಶೇಷ, ನಿಮ್ಮನ್ನೇ ಯಾಕೆ ಆರಿಸಬೇಕು ಎಂದು ಎರಡು ಪುಟದಲ್ಲಿ, ಇಂಗ್ಲಿಷಿನಲ್ಲಿ ಬರೆಯಬೇಕು. ಇಂಗ್ಲಿಷಿನ ಭಯವೇನೂ ನನಗಿರಲಿಲ್ಲ. ಹಿರಿಯ ವಿದ್ಯಾರ್ಥಿಗಳು ಕೊಟ್ಟ ಹಳೆಯ ಸ್ಟೇಟ್‌ಮೆಂಟುಗಳನ್ನು ತರಿಸಿಕೊಂಡು ಓದಿದೆ. ಅವುಗಳಲ್ಲಿ ಎಲ್ಲರಿಗೂ ಬಾಲ್ಯದಿಂದಲೇ ವಿಜ್ಞಾನದ ಹುಚ್ಚು, ಎಲ್ಲರೂ ಹುಟ್ಟು ನಾಯಕರು. ಅವರಲ್ಲೊಬ್ಬಳು ನನ್ನ ಹಾಸ್ಟೆಲ್ ರೂಮಿನಲ್ಲೇ ಇದ್ದವಳು. ಆ ಹುಟ್ಟು ನಾಯಕಿಯನ್ನು ಬೆಳಿಗ್ಗೆ ಎಬ್ಬಿಸುವುದಕ್ಕೆ ನಾನು ಬೇಕಾಗುತ್ತಿತ್ತು. ಓದಿ ಮುಗಿಸಿ ನಾನು ಎರಡು ಪುಟದ ತುಂಬ ನಮ್ಮೂರ ಹತ್ತಿರ ಬೇಲಿ ಹಾಕಿ ಕಾಯ್ದ ಹುಲ್ಲುಗಾವಲು ಉಳ್ಳಾರ್ತಿ ಕಾವಲಿನ ಹುಲ್ಲುಗಳ ವಿಷಯ ಬರೆದು ಮೇಡಂಗೆ ಕಳಿಸಿದೆ. ಒಳ್ಳೆಯ ಎರಡು ಪುಟ. ಅದರಲ್ಲಿ ನಾನೊಬ್ಬಳು ಇರಲಿಲ್ಲ, ಅಷ್ಟೆ.

“ನಿನ್ನ ಬಗ್ಗೆ ಬರೆಯೋಕೆ ನಿನಗೆ ಬರದಿದ್ರೆ ನಿನ್ನನ್ನ ಚೆನ್ನಾಗಿ ಬಲ್ಲವರನ್ನ ಕೇಳು. ನಿಮ್ಮ ಅಮ್ಮನ್ನ ಕೇಳು. ಅಮ್ಮಂದಿರಿಗೆ ಮಕ್ಕಳನ್ನ ಹೊಗಳೋದು ಹೇಳಿಕೊಡಬೇಕಾ?” ಎಂದರು ಮೇಡಂ.

ಮೇಡಂಗೆ ನಮ್ಮ ಅವ್ವ ಗೊತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಒಳ್ಳೆಯದು ಏನೇ ಇದ್ದರೂ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಯಾರಾದರೂ ಕೇಳಿದರೆ ಒಂದು ಕೈ ಕಮ್ಮಿಯೇ ಹೇಳಬೇಕು. ಹೇಳಿದರೆ ಕಣ್ಣಾಗುತ್ತದೆ. ಹೊಲದಲ್ಲಿ ಶೇಂಗಾ ಎಷ್ಟೇ ಚೆನ್ನಾಗಿ ಬಂದಿರಲಿ, “ಹೆಂಗೈತ್ರಿ ಬೆಳೆ?” ಎಂದವರಿಗೆ ಅವ್ವ, “ಏನ್ ಬೆಳೆ ಬಿಡ್ರಿ, ಬರೀ ಹೊಟ್ಟು” ಎನ್ನುತ್ತಾಳೆ. ಅಪ್ಪನದು ಮಾರುಕಟ್ಟೆಯ ಮಂಡಿಯಲ್ಲಿ ಶೇಂಗಾ ಅಂಗಡಿ. ಅಲ್ಲಿಯೂ ಅಪ್ಪ ತನ್ನ ಮಾಲನ್ನು ಹೊಗಳುವುದಿಲ್ಲ. ಚೀಲದ ಬಾಯಿ ಬಿಚ್ಚಿಟ್ಟು ಸುಮ್ಮನೆ ಕುಳಿತುಕೊಳ್ಳುತ್ತಾರೆ. ಕೊಳ್ಳುವವನೇ ಕೈ ಹಾಕಿ, ಒಂದು ಮುಷ್ಟಿ ತೆಗೆದು, ಕಾಯಿ ಒಡೆದು ನೋಡಿಕೊಳ್ಳಬೇಕು.

ಈ ಪದ್ಧತಿಗೆ ಸಿಕ್ಕ ಬೆಳೆಗಳಲ್ಲಿ ನಾನೂ ಒಂದು. ಹತ್ತನೇ ತರಗತಿಯಲ್ಲಿ ಶಾಲೆಗೇ ಮೊದಲಿಗಳಾಗಿ ಬಂದಾಗ ಅವ್ವ ಬೀದಿಯವರಿಗೆಲ್ಲ ಹೇಳಿದ್ದು, “ಏನೋ ಪಾಸಾಗವ್ಳೆ” ಎಂದು. ಪಿಯುಸಿಯಲ್ಲಿ, “ಹೆಂಗೋ ದಾಟಿಕೊಂಡ್ಲು.” ಡಿಗ್ರಿಯಲ್ಲಿ, “ಇನ್ನೊಂದು ಸಲ ಕಟ್ಟೋದು ತಪ್ತು, ಅಷ್ಟೇಯ.” ಹೀಗೆ ವರ್ಷಗಳ ಕಾಲ ಅವ್ವ ಶ್ರದ್ಧೆಯಿಂದ ದುಡಿದ ಮೇಲೆ, ನಾನು ಸ್ವಲ್ಪ ಮಂದ ಬುದ್ಧಿಯವಳು ಎಂಬುದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವಾಯಿತು. ಎದುರು ಮನೆಯ ಆಂಟಿ ಪ್ರತಿ ಪರೀಕ್ಷೆಗೂ ಮುಂಚೆ ತಮ್ಮ ಕುಂಡದಲ್ಲಿ ಬೆಳೆದ ಒಂದೆಲಗದ ಸೊಪ್ಪನ್ನು ಕಿತ್ತು ತಂದುಕೊಡುತ್ತಾರೆ. ನೆನಪಿನ ಶಕ್ತಿಗೆ ಒಳ್ಳೆಯದಂತೆ. “ಚಟ್ನಿ ಮಾಡ್ಕೊಡು ಅಕ್ಕಾ, ಪಾಪ, ಹುಡುಗಿ ಕಷ್ಟಪಡ್ತಾಳೆ” ಎನ್ನುತ್ತಾರೆ. ಅವ್ವ ಮುಖದ ಒಂದು ಗೆರೆಯನ್ನೂ ಅಲುಗಿಸದೆ ಸೊಪ್ಪು ತೆಗೆದುಕೊಳ್ಳುತ್ತಾಳೆ. ಚಟ್ನಿ ಚೆನ್ನಾಗಿಯೇ ಇರುತ್ತದೆ.

ಇಂಥ ಅವ್ವನ ಎದುರು ಕುಳಿತು ನಾನು ಕೇಳಿದೆ: “ಅವ್ವ, ನನ್ನಲ್ಲಿ ಒಳ್ಳೇದು ಏನೈತೆ?”

ಅವ್ವ ಬೀಜಕ್ಕೆಂದು ಶೇಂಗಾ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. “ಏನೂ ಇಲ್ಲ” ಎಂದಳು.

“ಆಟ ಆಡಬೇಡ. ಅರ್ಜಿಗೆ ಬೇಕು. ಸ್ಟೇಟ್‌ಮೆಂಟ್ ಬರೀಬೇಕು.”

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಅಪ್ಪ ಗಾಬರಿಯಾದರು. “ಸ್ಟೇಟ್‌ಮೆಂಟಾ? ಅದು ಪೊಲೀಸ್ ಸ್ಟೇಷನ್ನಾಗೆ ಬರ್ಸಿಕೊಳ್ಳಾದಲ್ವೇನೆ?”

“ಹೆಚ್ಚುಕಮ್ಮಿ ಅದೇ ಅಪ್ಪ. ಅಲ್ಲಿ ತಪ್ಪು ಮಾಡಿಲ್ಲ ಅಂತ ಹೇಳಬೇಕು. ಇಲ್ಲಿ ಒಳ್ಳೇದು ಮಾಡೀನಿ ಅಂತ ಹೇಳಬೇಕು.”

“ನಿನ್ನ ಬಾಯಾಗೆ ನೀನೇ?” ಎಂದಳು ಅವ್ವ. ಅವಳ ಕೈ ನಿಂತಿತು. “ಸೀಟು ಇನ್ನೂ ಸಿಕ್ಕಿಲ್ಲ. ಆಗ್ಲೇ ಕಾಗದದ ಮೇಲೆ ಜಾಣೆ ಅಂತ ಬರ್ಕೊಂತೀಯಾ? ಬರೋದೂ ಹೋಗ್ತೈತೆ.”

ಕಳಿಸುವ ಮನಸ್ಸು ಅವಳಿಗಿರಲಿಲ್ಲವೇ ಎಂದರೆ, ಇತ್ತು. ಅದು ನನಗೆ ಗೊತ್ತಾದದ್ದು ಹೀಗೆ: ಅಲ್ಲಿ ಚಳಿ ಎಷ್ಟಿರುತ್ತದೆ ಎಂದು ಒಂದು ದಿನ ಯಾವುದೋ ಮಾತಿನ ನಡುವೆ ಕೇಳಿದಳು. ವಾರ ಕಳೆಯುವುದರೊಳಗೆ ಅಟ್ಟದ ಮೇಲೆ ಹೊಸ ಕಂಬಳಿಯೊಂದು ಬಂದು ಕೂತಿತ್ತು. ಚಳ್ಳಕೆರೆಯ ಉಣ್ಣೆ ಕಂಬಳಿ. ವಿಮಾನದವರು ನನ್ನನ್ನು ಬಿಟ್ಟು ಅದೊಂದನ್ನೇ ಒಯ್ಯಬೇಕಾಗುವಷ್ಟು ಭಾರ. ಯಾರಿಗೆ ಇದು ಎಂದು ಕೇಳಿದರೆ, “ಇರ್ಲಿ, ಮನೆಗೆ ಬೇಕಾಗ್ತೈತೆ” ಎಂದಳು.

ಸ್ಟೇಟ್‌ಮೆಂಟ್ ಒಂದು ಸಾಲೂ ಮುಂದುವರಿಯಲಿಲ್ಲ. ಮೊಳಕಾಲ್ಮುರಿನ ಹತ್ತಿರದ ಸಿದ್ದಾಪುರದ ಬಂಡೆಗಳ ನಡುವಿನ ಹುಲ್ಲು ಸಂಗ್ರಹಿಸುವುದು ಬಾಕಿ ಇತ್ತು. ಅದನ್ನು ನೆಪ ಮಾಡಿಕೊಂಡು ಮೊಳಕಾಲ್ಮುರಿಗೆ, ದೊಡ್ಡಮ್ಮನ ಮನೆಗೆ ಹೋದೆ. ಅವ್ವನ ಅಕ್ಕ ಅವರು. ಮದುವೆಯಾಗಿ ಆ ಗಡಿಯೂರಿಗೆ ಹೋದ ಮೇಲೆ ಅವರ ಕನ್ನಡದೊಳಗೆ ತೆಲುಗು ಬಂದು ಸೇರಿಕೊಂಡಿದೆ. ಸಿಟ್ಟು ಬಂದಾಗಲಂತೂ ತೆಲುಗೇ ಮುಂದಾಗುತ್ತದೆ. ಹಗಲೆಲ್ಲ ಹುಲ್ಲು ಆರಿಸಿ ಸಂಜೆ ಅವರ ಜಗಲಿಯ ಮೇಲೆ ಕುಳಿತು, ನನ್ನ ಚೂಡಿದಾರಕ್ಕೆ ಚುಚ್ಚಿಕೊಂಡಿದ್ದ ಹುಲ್ಲಿನ ಮುಳ್ಳುಗಳನ್ನು ಕೀಳುತ್ತಿದ್ದೆ. ಪಕ್ಕದ ಮನೆಯಲ್ಲಿ ರೇಷ್ಮೆ ಮಗ್ಗದ ಸದ್ದು. ಆಗ ಮೇಡಂ ಫೋನ್ ಬಂತು.

“ನಿಮ್ಮ ಮನೆಯಲ್ಲಿ ಒಪ್ಪಿಗೆ ಇಲ್ವಾ?”

“ಇದೆ ಮೇಡಂ.”

“ಮತ್ತೆ ಇದೇನಿದು? ಅರ್ಜಿ ಹಾಕಿದವರ ಮನೆಗೆಲ್ಲ ಆಫೀಸಿನಿಂದ ಫೋನ್ ಮಾಡಿದ್ದಾರೆ. ನಿಮ್ಮ ತಾಯಿ, ‘ಎಲ್ಲಿ ಪರದೇಶ, ನಮ್ಮ ಹುಡುಗಿಗೆ ಅಷ್ಟು ಬುದ್ಧಿ ಇಲ್ಲ, ಬಸ್ ಸ್ಟ್ಯಾಂಡಿಗೆ ಕಳಿಸಿದ್ರೇ ದಾರಿ ತಪ್ಪಿಸ್ಕೊಳ್ತಾಳೆ’ ಅಂದ್ರಂತೆ. ಆಫೀಸಿನವರು ಫೈಲಿನಲ್ಲಿ ‘ಪೋಷಕರಿಗೆ ಆಸಕ್ತಿ ಇಲ್ಲ’ ಅಂತ ಬರೆದಿಟ್ಟಿದ್ದಾರೆ. ಮಂಗಳವಾರ ಪಟ್ಟಿ ಮಾಡ್ತಾರೆ. ಸೋಮವಾರ ಆಫೀಸು ತೆರೆದ ಕೂಡಲೇ ನಿಮ್ಮ ತಾಯಿನೇ ಫೋನ್ ಮಾಡಿ ಸರಿಯಾಗಿ ಹೇಳಬೇಕು. ಸ್ಟೇಟ್‌ಮೆಂಟೂ ಅವತ್ತೇ ಬರಬೇಕು. ಇಲ್ಲದಿದ್ರೆ ನಿನ್ನ ಅರ್ಜಿ ಮುಂದಕ್ಕೆ ಹೋಗಲ್ಲ.”

ನನಗೆ ಹೆಚ್ಚು ನಾಚಿಕೆಯಾದದ್ದು ಯಾವುದಕ್ಕೆಂದರೆ, ಬಸ್ ಸ್ಟ್ಯಾಂಡಿನ ಮಾತು ನಿಜವಾಗಿತ್ತು. ಹಿಂದೊಮ್ಮೆ ದೊಡ್ಡಮ್ಮನ ಮನೆಯ ನಾಮಕರಣಕ್ಕೆ ಹೊರಟಿದ್ದೆವು. ಅವ್ವ ಮುಂದೆ ಹೋಗಿ ಬಸ್ಸಿನಲ್ಲಿ ಸೀಟು ಹಿಡಿದು, ನನಗೆಂದು ಪಕ್ಕದಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ನಾನು ನೀರಿನ ಬಾಟಲಿ ತರಲು ಹೋದವಳು ಬಸ್ ಸ್ಟ್ಯಾಂಡಿನ ಹಿಂದಿನ ಗೋಡೆಯ ಬುಡದಲ್ಲಿ ಒಂದು ಹುಲ್ಲು ನೋಡಿದೆ. ಕಾವಲಿನ ಬೇಲಿಯ ಒಳಗೆ ಮಾತ್ರ ಇದೆಯೆಂದು ನಾನು ತಿಳಿದಿದ್ದ ಹುಲ್ಲು ಅದು. ಅಲ್ಲಿ, ಚರಂಡಿಯ ಪಕ್ಕದಲ್ಲಿ, ಗುಟ್ಕಾ ಪೊಟ್ಟಣಗಳ ನಡುವೆ ತೆನೆಬಿಟ್ಟು ನಿಂತಿತ್ತು. ಗೋಡೆ ಹಿಡಿದು ಅಂಥವು ಇನ್ನೆಷ್ಟಿವೆಯೆಂದು ನೋಡುತ್ತ ಹೋದೆ. ಬಸ್ಸು ಹೊರಟದ್ದೂ, ಕಂಡಕ್ಟರ್ ಶಿಳ್ಳೆ ಹೊಡೆದದ್ದೂ, ಕಿಟಕಿಯಿಂದ ಅವ್ವ ಕೂಗಿದ್ದೂ ಯಾವುದೂ ನನಗೆ ಕೇಳಿಸಲಿಲ್ಲ. ನಾಮಕರಣಕ್ಕೆ ನನ್ನ ಬದಲು ನನ್ನ ಸೀಟಿನ ಚೀಲ ಹೋಯಿತು. ಕಾವಲಿನ ಹುಲ್ಲು ಬೇಲಿಯಾಚೆ ಎಲ್ಲೆಲ್ಲಿ ಬದುಕಿಕೊಂಡಿದೆ ಎಂಬ ನನ್ನ ಪ್ರಾಜೆಕ್ಟ್ ಶುರುವಾದದ್ದು ಆ ಗೋಡೆಯ ಬುಡದಿಂದಲೇ.

ಮೇಡಂ ಫೋನ್ ಇಟ್ಟ ಮೇಲೆ ಅವ್ವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

“ಯಾರೋ ಹೆಣ್ಮಗಳು ಕಣೆ” ಎಂದಳು ಅವ್ವ. “ಫೋನ್ ಎತ್ತಿದ ತಕ್ಷಣ, ‘ನಿಮ್ಮ ಮಗಳು ಭಾಳ ಜಾಣೆ ಅಂತೆ, ಫಾರಿನ್‌ಗೆ ಹೊಂಟವ್ಳಂತೆ’ ಅಂದ್ಲು. ಒಂದು ‘ಚೆನ್ನಾಗಿದೀರಾ’ ಇಲ್ಲ, ಏನಿಲ್ಲ. ಸುರುವಿಗೇ ಜಾಣೆ ಅಂದ್ಬಿಟ್ರೆ ನಾನೇನ್ ಮಾಡ್ಲಿ? ಸುಮ್ನೆ ಕೂತ್ರೆ ಕಣ್ಣಾಗಲ್ವಾ? ಅದಕ್ಕೇ ಅಷ್ಟು ಬುದ್ಧಿ ಇಲ್ಲ ಅಂತ ತೆಗೆದುಹಾಕಿದೆ.”

ದೊಡ್ಡಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. “ಏಮೇ! ನಿನಗೇನು ಪಿಚ್ಚಿ ಹಿಡಿದೈತಾ? ಆಫೀಸಿನೋರು ಕಣ್ಣು ಹಾಕ್ತಾರೇನೆ? ಅವ್ರು ಸಂಬಳಕ್ಕೆ ಮಾತಾಡ್ತಾರೆ!”

“ನೀನೇ ಕಲಿಸಿದ್ದು ಅಕ್ಕಾ. ನಿನ್ನ ಮಗಂಗೆ ಕೆಲ್ಸ ಸಿಕ್ಕಾಗ, ಅವ್ನಿಗೆ ಮೊಣಕಾಲು ನೋವು ಅಂತ ಊರಿಗೆಲ್ಲ ಸಾರ್ಕೊಂಡು ಬಂದಿರ್ಲಿಲ್ವಾ? ಪಾಪ, ಹುಡುಗ ಜನ ಕಂಡಾಗೆಲ್ಲ ಕುಂಟ್ತಿದ್ದ.”

“ಅದು ಬೇರೆ” ಎಂದರು ದೊಡ್ಡಮ್ಮ. ಯಾಕೆ ಬೇರೆ ಎಂದು ಹೇಳಲಿಲ್ಲ. “ಫೋನ್ ಮಾಡಿ ಹೇಳೇ. ಎರಡು ಒಳ್ಳೆ ಮಾತು ಹೇಳಿದ್ರೆ ನಿನ್ನ ಬಾಯೇನು ಸೀದು ಹೋಗಲ್ಲ” ಎಂದರು.

ಮರುದಿನ ಬೆಳಗಿನ ಬಸ್ಸಿಗೆ ಚಳ್ಳಕೆರೆಗೆ ವಾಪಸು ಬಂದೆ. ಈ ಸಲ ಬಸ್ ಸ್ಟ್ಯಾಂಡಿನಲ್ಲಿ ನೆಲ ನೋಡಲಿಲ್ಲ.

ಸೋಮವಾರ ಆಫೀಸು ತೆರೆಯುವ ಹೊತ್ತಿಗೆ ಅವ್ವ ಸ್ನಾನ ಮಾಡಿ ಸಿದ್ಧಳಾಗಿದ್ದಳು. ಹಿಂದಿನ ದಿನವೆಲ್ಲ ನಾನು ಅವಳಿಗೆ ಹೇಳಿಕೊಟ್ಟಿದ್ದೆ: “ನಮಗೆ ಒಪ್ಪಿಗೆ ಇದೆ, ಮಗಳು ಚೆನ್ನಾಗಿ ಓದುತ್ತಾಳೆ, ಇಷ್ಟು ಸಾಕು.” ಮೊದಲ ಭಾಗ ಸಲೀಸಾಗಿ ಬರುತ್ತಿತ್ತು. ಎರಡನೆಯದರ ಹತ್ತಿರ ಬಂದಾಗ ಅವಳಿಗೆ ಕೆಮ್ಮು ಬರುತ್ತಿತ್ತು.

ಕೊನೆಗೆ ಅವಳೇ ಒಂದು ಒಪ್ಪಂದಕ್ಕೆ ಬಂದಳು. “ಒಳ್ಳೇದು ಹೇಳ್ತೀನಿ. ಆದ್ರೆ ಕೊನೆಗೆ ಒಂದು ಕೆಟ್ಟದ್ದೂ ಹೇಳ್ತೀನಿ. ಕೆನ್ನೆಗೆ ಕಾಡಿಗೆ ಬೊಟ್ಟು ಇಡದೆ ಕೂಸನ್ನ ಹೊರಗೆ ತರಾದುಂಟಾ?”

“ಒಂದೇ” ಎಂದೆ.

“ಒಂದೇ. ಸಣ್ಣದು.”

ಆಮೇಲೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ತಂದು ನನಗೆ ನಿವಾಳಿಸಿದಳು. ಅಲ್ಲಿಗೆ ನಿಲ್ಲಿಸದೆ ಮೇಜಿನ ಮೇಲಿದ್ದ ಮೊಬೈಲಿಗೂ ನಿವಾಳಿಸಿದಳು. ಮೆಣಸಿನಕಾಯಿ ಬೆಂಕಿಗೆ ಬಿದ್ದಾಗ ಘಾಟು ಬರದಿದ್ದರೆ ದೃಷ್ಟಿ ಇತ್ತೆಂದು ಲೆಕ್ಕ. ಅಪ್ಪ ಮೂರು ಸಲ ಸೀನಿದರು. ದೃಷ್ಟಿ ಆಗಿಲ್ಲವೆಂದು ಖಾತ್ರಿಯಾದ ಮೇಲೆ ನಾನು ನಂಬರ್ ಒತ್ತಿ ಸ್ಪೀಕರ್ ಹಾಕಿದೆ.

ಆಫೀಸಿನ ಹೆಣ್ಣುಮಗಳಿಗೆ ಅವ್ವನ ನೆನಪು ಚೆನ್ನಾಗಿಯೇ ಇತ್ತು. “ಹೇಳಿ ಅಮ್ಮಾ” ಎಂದರು, ಸ್ವಲ್ಪ ಎಚ್ಚರದಿಂದ.

“ನಮಗೆ ಒಪ್ಪಿಗೆ ಐತ್ರಿ” ಎಂದಳು ಅವ್ವ. ನಿಲ್ಲಿಸಿದಳು. ನಾನು ಕೈಸನ್ನೆ ಮಾಡಿದೆ. ಅವ್ವ ನನ್ನನ್ನು ನೋಡದೆ ಗೋಡೆಯ ಕಡೆ ತಿರುಗಿದಳು. ಗೋಡೆಗೆ ಹೇಳುವವಳ ಹಾಗೆ ಶುರು ಮಾಡಿದಳು.

“ಓದಾದು ನನಗೆ ತಿಳಿಯಲ್ಲಮ್ಮ. ಕಂಡದ್ದು ಹೇಳ್ತೀನಿ. ಹುಲ್ಲು ಹುಡುಕ್ಕೊಂಡು ಹೋದ್ರೆ ಬಿಸ್ಲು ಹಸಿವು ಅವಳಿಗೆ ಗೊತ್ತಾಗಲ್ಲ. ತಂದ ಹುಲ್ಲನ್ನ ಪೇಪರ್ ನಡುವೆ ಇಟ್ಟು, ಮ್ಯಾಲೆ ಅವರಪ್ಪನ ಹಳೇ ತೂಕದ ಕಲ್ಲು ಹೇರ್ತಾಳೆ. ದಿನಾ ಆ ಪೇಪರ್ ಬಿಚ್ಚಿ, ಒಣಗಿದ ಬೇರೆ ಪೇಪರ್ ಹಾಕ್ತಾಳೆ. ಜ್ವರ ಬಂದಾಗ್ಲೂ ಎದ್ದು ಹಾಕಿದ್ಲು. ಹೆಸರು ಗೊತ್ತಿಲ್ಲದ ಹುಲ್ಲಿಗೆ ಗೊತ್ತಿಲ್ಲ ಅಂತಾನೇ ಬರೀತಾಳೆ. ಬಾಯಿಗೆ ಬಂದದ್ದು ಬರಿಯಲ್ಲ. ಅವಳಿಗೆ ಮಾತು ಕಮ್ಮಿ. ಆದ್ರೆ ಹೇಳಿದ್ದು ಮಾಡ್ತಾಳೆ.”

ಅಪ್ಪ ಟವೆಲಿನಿಂದ ಮೂಗು ಒರೆಸಿಕೊಂಡರು. ಮೆಣಸಿನಕಾಯಿಯ ಘಾಟು ಎಂದು ನಾವೆಲ್ಲ ಒಪ್ಪಿಕೊಂಡೆವು. ನಾನು ಪೇಪರ್ ಬದಲಿಸುವುದನ್ನು ಅವ್ವ ಯಾವತ್ತಾದರೂ ನೋಡಿದ್ದಾಳೆಂದೇ ನನಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವಳು ಯಾವಾಗಲೂ ನನಗೆ ಬೆನ್ನು ಹಾಕಿ ರೊಟ್ಟಿ ಬಡಿಯುತ್ತಿರುತ್ತಿದ್ದಳು.

“ತುಂಬಾ ಸಂತೋಷ ಅಮ್ಮಾ. ಹಾಗಾದ್ರೆ ಮುಂಚೆ ಬರೆದದ್ದನ್ನ ಅಳಿಸಿಬಿಡ್ತೀನಿ” ಎಂದರು ಆಫೀಸಿನವರು.

“ಆಸಕ್ತಿ ಇಲ್ಲ ಅನ್ನೋದು ಅಳಿಸ್ರಿ” ಎಂದಳು ಅವ್ವ ಗಡಿಬಿಡಿಯಿಂದ. “ಬಸ್ ಸ್ಟ್ಯಾಂಡಿಂದು ಅಳಿಸಬ್ಯಾಡ್ರಿ. ಅದು ನಿಜ. ಅದಿರ್ಲಿ.”

ಫೋನ್ ಇಟ್ಟು ಅವ್ವ ನೀರು ಕುಡಿದಳು. ಹೊಲದಲ್ಲಿ ದಿನವಿಡೀ ಕಳೆ ತೆಗೆದು ಬಂದವಳ ಹಾಗೆ ಗೋಡೆಗೊರಗಿ ಕೂತಳು. “ಇನ್ನೊಂದು ಸಲ ನನ್ನ ಕೈಲಿ ಹಿಂಗೆಲ್ಲ ಮಾಡಿಸಬೇಡ” ಎಂದಳು.

ನಾನು ಅಲ್ಲೇ, ಅವಳ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದೆ. ಅವ್ವ ಗೋಡೆಗೆ ಹೇಳಿದ್ದನ್ನು ನಾನು ಇಂಗ್ಲಿಷಿಗೆ ತರಬೇಕಾಗಿತ್ತು, ಅಷ್ಟೆ. ಅದೂ ಸುಲಭವಿರಲಿಲ್ಲ. ಬಿಸಿಲು, ಹಸಿವು ಗೊತ್ತಾಗುವುದಿಲ್ಲ ಎಂದು ಬರೆದರೆ ಆಸ್ಪತ್ರೆಗೆ ಕೊಡುವ ಚೀಟಿಯ ಹಾಗೆ ಕಾಣುತ್ತಿತ್ತು. ತೂಕದ ಕಲ್ಲಿನ ವಿಷಯ ಬರೆದರೆ, ಯಾಕೆ ಮನೆಯಲ್ಲಿ ಅಷ್ಟು ಕಲ್ಲುಗಳಿವೆ ಎಂದು ಹೇಳಬೇಕಾಗಿ ಬಂದು, ಅಪ್ಪನ ಅಂಗಡಿಯೂ ಒಳಗೆ ಬಂತು. ಆದರೂ ಸಂಜೆಯೊಳಗೆ ಎರಡು ಪುಟ ತುಂಬಿದವು. ನಾನು ಏನು ಎಂಬುದಕ್ಕಿಂತ ನಾನು ಏನು ಮಾಡುತ್ತೇನೆ ಎಂಬುದೇ ಅದರಲ್ಲಿತ್ತು. ಅಷ್ಟನ್ನು ಅಪರಿಚಿತರಿಗೆ ಹೇಳಲು ನನಗೆ ಸಂಕೋಚವಾಗಲಿಲ್ಲ. ಚೀಲದ ಬಾಯಿ ಬಿಚ್ಚಿಟ್ಟ ಹಾಗೆ ಅದು. ಬೇಕಾದವರು ಕೈ ಹಾಕಿ ನೋಡಿಕೊಳ್ಳಲಿ.

ಬೊಟ್ಟು ಎಲ್ಲಿಡುವುದು ಎಂದು ಸ್ವಲ್ಪ ಯೋಚಿಸಿದೆ. ಕೂಸಿಗೆ ಬೊಟ್ಟನ್ನು ಹಣೆಯ ಮಧ್ಯದಲ್ಲಿ ಇಡುವುದಿಲ್ಲ, ಕೆನ್ನೆಯ ಓರೆಯಲ್ಲಿ ಇಡುತ್ತಾರೆ. ಹಾಗಾಗಿ ಎರಡನೆಯ ಪುಟದ ಶುರುವಿನಲ್ಲಿಟ್ಟೆ. ಬಸ್ ಸ್ಟ್ಯಾಂಡಿಗೆ ಹೋದರೆ ನಾನು ದಾರಿ ತಪ್ಪುತ್ತೇನೆಂದು ನನ್ನ ತಾಯಿ ಈಗಾಗಲೇ ನಿಮ್ಮ ಕಚೇರಿಗೆ ತಿಳಿಸಿದ್ದಾರೆ, ಅದು ನಿಜ ಎಂದು ಬರೆದು, ಗೋಡೆಯ ಬುಡದ ಹುಲ್ಲನ್ನೂ ಹೋದ ಬಸ್ಸನ್ನೂ ನಾಲ್ಕು ಸಾಲಿನಲ್ಲಿ ಹೇಳಿದೆ.

ಮೇಡಂ ಸಂಜೆಯೇ ಓದಿದರು. “ಈಗ ನೀನು ಕಾಣ್ತೀಯಾ. ಬಸ್ ಸ್ಟ್ಯಾಂಡಿನ ಪ್ಯಾರಾ ಮಾತ್ರ ತೆಗೆದುಬಿಡು. ನಮ್ಮ ತಪ್ಪನ್ನ ನಾವೇ ಯಾಕೆ ಹೇಳಿಕೊಳ್ಳಬೇಕು?”

“ಅದು ಇರಬೇಕು ಮೇಡಂ” ಎಂದೆ. ಅವರ ಮಾತಿಗೆ ಎದುರಾಡಿದ್ದು ಅದೇ ಮೊದಲು. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. ಮೇಡಂ ನಕ್ಕು, “ಸರಿ, ದೃಷ್ಟಿಬೊಟ್ಟು ಇರಲಿ ಬಿಡು” ಎಂದರು. ಬೊಟ್ಟು ಎಂದು ನಾನು ಹೇಳಿರಲೇ ಇಲ್ಲ. ಅವರ ಮನೆಯಲ್ಲಿಯೂ ಒಬ್ಬ ಅವ್ವ ಇದ್ದಿರಬೇಕು.

ಸಂದರ್ಶನ ಕಂಪ್ಯೂಟರಿನ ಪರದೆಯ ಮೇಲೆ ನಡೆಯಿತು. ಆ ದೇಶದ ಪ್ರಯೋಗಾಲಯದ ಹಿರಿಯರೊಬ್ಬರು ಕನ್ನಡಕ ಮೇಲೇರಿಸಿ, ಕಾಗದ ನೋಡಿದರು. ನನ್ನ ಗುರಿಗಳನ್ನೋ ನಾಯಕತ್ವವನ್ನೋ ಕೇಳುತ್ತಾರೆಂದು ನಾನು ಕಾಯುತ್ತಿದ್ದಾಗ, ಅವರು ಆ ಗೋಡೆಯ ಬುಡದಲ್ಲಿದ್ದ ಹುಲ್ಲು ಯಾವುದು ಎಂದು ಕೇಳಿದರು. ಹೇಳಿದೆ. ಬೇಲಿ ದಾಟಿ ಅಲ್ಲಿಗೆ ಹೇಗೆ ಬಂದಿರಬಹುದು ಎಂದರು. ಮೇವಿನ ಗಾಡಿ, ದನಗಳ ಗೊರಸು, ನನ್ನಂಥವರ ಬಟ್ಟೆ ಎಂದು ಹೇಳುತ್ತ ಹೋದೆ. ಸಮಯ ಮುಗಿಯಿತೆಂದು ಇನ್ನೊಬ್ಬರು ನೆನಪಿಸಬೇಕಾಯಿತು. ಅಷ್ಟು ಹೊತ್ತು ಒಂದೇ ಉಸಿರಿಗೆ ನಾನು ಮಾತನಾಡಿದ್ದನ್ನು ನಮ್ಮ ಬೀದಿಯ ಯಾರೂ ನಂಬಲಾರರು.

ಸೀಟು ನನಗೇ ಸಿಕ್ಕಿತು. ಸುದ್ದಿ ಬಂದ ದಿನ ಅಪ್ಪ ಮಂಡಿಗೆ ಹೋಗಿ, ಯಾರಿಗೂ ಏನನ್ನೂ ಹೇಳದೆ, ಎಲ್ಲರಿಗೂ ಚಹಾ ಕೊಡಿಸಿ ಬಂದರು. ಅವ್ವ ಅಟ್ಟದಿಂದ ಕಂಬಳಿ ಇಳಿಸಿ ಬಿಸಿಲಿಗೆ ಹಾಕಿದಳು. ಕಂಬಳಿ ನೋಡಿ ಎದುರು ಮನೆಯ ಆಂಟಿ ಬಂದೇಬಿಟ್ಟರು.

“ಏನಕ್ಕಾ, ಹುಡುಗಿ ಎಲ್ಲಿಗೋ ಹೊಂಟಂಗೈತೆ?”

ಅವ್ವ ಜಗಲಿಯ ಮೇಲೆ ಮೊರ ಹಿಡಿದು ಶೇಂಗಾ ಕೇರುತ್ತಿದ್ದಳು. “ಏನೋಮ್ಮ. ಯಾವುದೋ ದೇಶದಾಗೆ ಹುಲ್ಲು ಭಾಳ ಬೆಳೆದೈತಂತೆ. ನೋಡ್ಕೊಳ್ಳಾಕೆ ಜನ ಬೇಕಾಗೈತಂತೆ. ಹೋಗ್ತಾಳಂತೆ.”

ಆಂಟಿ ನನ್ನ ಕಡೆ ತಿರುಗಿದರು. ಅವರ ಕಣ್ಣುಗಳಲ್ಲಿ ನಿಜವಾದ ಕನಿಕರ ಇತ್ತು. “ಅಯ್ಯೋ, ಅಷ್ಟು ದೂರ ಹೋಗಿ ಹುಲ್ಲು ಕೀಳಬೇಕೇನೆ? ನಮ್ಮ ಹೊಲದಾಗೇ ಬೇಕಾದಷ್ಟು ಐತಲ್ಲ!”

ಇಷ್ಟು ವರ್ಷ ಇಂಥ ಮಾತಿಗೆಲ್ಲ ನಾನು ಸುಮ್ಮನೆ ಒಳಗೆ ಎದ್ದು ಹೋಗುತ್ತಿದ್ದೆ. ಈ ಸಲ ಹೋಗಲಿಲ್ಲ.

“ಏನ್ ಮಾಡೋದು ಆಂಟಿ,” ಎಂದೆ, “ಇಲ್ಲಿ ಯಾರೂ ಕೂಲಿಗೆ ಕರೀಲಿಲ್ಲ.”

ಆಂಟಿ ಲೊಚಗುಟ್ಟಿ, ಪ್ರಯಾಣಕ್ಕೆ ಒಂದೆಲಗ ಒಣಗಿಸಿ ಪುಡಿ ಮಾಡಿಕೊಡುವೆನೆಂದರು. ಅವ್ವ ಮೊರವನ್ನು ಮುಖದ ಎತ್ತರಕ್ಕೆ ಎತ್ತಿ ಜೋರಾಗಿ ಕೇರತೊಡಗಿದಳು. ಅದರಲ್ಲಿ ಕೇರುವುದಕ್ಕೆ ಹೊಟ್ಟು ಒಂದಿಷ್ಟೂ ಉಳಿದಿರಲಿಲ್ಲ.